ಅರಳು ಸಂಡಿಗೆಯ ತೂಕ

ಶಿವರಾತ್ರಿ ಕಳೆದ ಮೇಲಿನ ಭಾನುವಾರ. ಬೆಳಗ್ಗೆ ಆರಕ್ಕೇ ತಾರಸಿ ಮೇಲೆ ಅತ್ತೆಯ ಹಳೇ ಸೀರೆ ಹಾಸಿ ಅರಳು ಸಂಡಿಗೆ ಇಟ್ಟಿದ್ದೆವು. ಕ್ಯಾತ್ಸಂದ್ರದ ನಮ್ಮ ಬೀದಿಯಲ್ಲಿ ಸಿದ್ಧಗಂಗೆ ಜಾತ್ರೆಯ ಧೂಳು ಇನ್ನೂ ಅಡಗಿರಲಿಲ್ಲ, ಅದಕ್ಕೆ ಮೇಲೊಂದು ತೆಳು ಬಟ್ಟೆ. ಕಾಗೆ ಬರದಿರಲಿ ಅಂತ ಮೂಲೆಯಲ್ಲೊಂದು ಕಪ್ಪು ಕೊಡೆ. ಆ ಕೊಡೆಯ ನೆರಳಲ್ಲೇ ಕೂತು, ಎರಡು ಸಲ ಅಳಿಸಿ ಮೂರನೇ ಸಲ ಟೈಪ್ ಮಾಡಿ, ಹತ್ತು ಗಂಟೆಗೆ ಗ್ರಾಹಕರ ಗುಂಪಿಗೆ ಮೆಸೇಜ್ ಹಾಕಿದೆ. ಇವತ್ತಿನಿಂದ ಡೆಲಿವರಿ ಚಾರ್ಜು ಕರ್ನಾಟಕದೊಳಗೆ 70 ರೂಪಾಯಿ, ಹೊರಗೆ 120, ಆರ್ಡರು 999 ದಾಟಿದರೆ ಉಚಿತ.

ಅಲ್ಲಿಯವರೆಗೆ 40 ಇತ್ತು. 499 ದಾಟಿದರೆ ಅದೂ ಇಲ್ಲ. ಈ 499 ಅನ್ನುವ ಅಂಕಿಯನ್ನು ನಾನೇನು ಕೂತು ಲೆಕ್ಕ ಹಾಕಿ ಇಟ್ಟದ್ದಲ್ಲ. ದೊಡ್ಡ ಆ್ಯಪಿನಲ್ಲಿ ಹಾಗಿತ್ತು, ನಕಲು ಹೊಡೆದೆ.

ಬದಲಾಯಿಸಲೇಬೇಕಾಗಿ ಬಂದದ್ದು ಹಿಂದಿನ ವಾರ. ಕೊರಿಯರಿಗೆ ಮುಂಗಡ ತುಂಬಿಟ್ಟಿದ್ದ ದುಡ್ಡು ಸೋರಿದ ಹಾಗೆ ಖಾಲಿಯಾಗುತ್ತಿತ್ತು. ಮಗ ಒಂದು ರಾತ್ರಿ ಕೂತು ಬಿಲ್ಲು ಬಿಡಿಸಿ ನೋಡಿದ. ಪ್ರತಿ ಪಾರ್ಸಲ್ಲಿನ ಎದುರಿಗೂ 'ತೂಕ ವ್ಯತ್ಯಾಸ' ಅಂತ ಇನ್ನೊಂದು ಸಾಲು. ನಾನು ತಕ್ಕಡಿಯಲ್ಲಿಟ್ಟು 600 ಗ್ರಾಂ ಅಂತ ಬರೆದು ಕಳಿಸಿದ್ದನ್ನು ಅವರು ಎರಡು ಕೆಜಿ ಅಂತ ಹಿಡಿದಿದ್ದರು. ಇದು ಹಗಲುದರೋಡೆ ಅಂತ ಸಿಟ್ಟಿನಿಂದ ಫೋನ್ ಮಾಡಿದೆ. ಆ ಕಡೆಯ ಹುಡುಗ ಬೇಜಾರಿಲ್ಲದೆ ಪಾಠ ಹೇಳಿದ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಬೇಕಂತೆ. ಬಂದದ್ದು ಗಾತ್ರದ ತೂಕ. ತಕ್ಕಡಿಯ ತೂಕ, ಗಾತ್ರದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನನ್ನ ಪೆಟ್ಟಿಗೆ 30, 20, 15. ಗುಣಿಸಿದರೆ 9000, ಭಾಗಿಸಿದರೆ 1.8. ಅರ್ಧರ್ಧ ಕೆಜಿ ಲೆಕ್ಕದಲ್ಲಿ ಮೇಲಕ್ಕೆ ಏರಿಸಿದರೆ ಎರಡು ಕೆಜಿ. ಮೊದಲ ಅರ್ಧ ಕೆಜಿಗೆ 48, ಆಮೇಲಿನ ಒಂದೊಂದು ಅರ್ಧಕ್ಕೂ 40, ಒಟ್ಟು 168. ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 198 ರೂಪಾಯಿ 24 ಪೈಸೆ. ಒಳಗಿದ್ದದ್ದು 220 ರೂಪಾಯಿಯ ಎರಡು ಪ್ಯಾಕೆಟ್ ಸಂಡಿಗೆ.

ಒಂದು ಕೆಜಿ ಹತ್ತಿ ಭಾರವೋ, ಒಂದು ಕೆಜಿ ಕಬ್ಬಿಣ ಭಾರವೋ ಅಂತ ಶಾಲೆಯಲ್ಲಿ ಕೇಳಿಕೊಂಡು ನಗುತ್ತಿದ್ದೆವು. ಕೊರಿಯರಿನವರನ್ನು ಕೇಳಿದ್ದರೆ ಹತ್ತಿ ಅನ್ನುತ್ತಿದ್ದರು. ಅವರ ಮಾತಿನಲ್ಲೂ ನ್ಯಾಯವಿದೆ, ಲಾರಿ ತುಂಬುವುದು ಜಾಗದಿಂದ. ಹುಣಸೆ ತೊಕ್ಕನ್ನಾದರೆ ಗಿಡಿದು ತುಂಬಬಹುದು. ಅರಳು ಸಂಡಿಗೆಯನ್ನು ಸ್ವಲ್ಪ ಒತ್ತಿದರೂ ಮುಗಿಯಿತು, ಆ ಕಡೆ ತಲುಪುವುದು ಬೂದುಗುಂಬಳದ ಪುಡಿ. ಅತ್ತೆಗೆ ಇದನ್ನೆಲ್ಲ ವಿವರಿಸಿದೆ. "ಅಂದ್ರೆ ಒಳಗಿರೋ ಗಾಳಿಗೂ ಬಾಡಿಗೆ ಕಟ್ತಾ ಇದೀವಿ ಅನ್ನು" ಅಂದರು. ಇನ್ನೊಂದು ತಮಾಷೆ, ನಾವು ಮಾಡುವ ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಅದನ್ನು ಹೊತ್ತುಕೊಂಡು ಹೋಗುವವರಿಗೆ 18 ಪರ್ಸೆಂಟು.

ಬೇರೆ ದಾರಿಗಳನ್ನೂ ನೋಡಿದ್ದೆ. ಬಸ್ಸಿನಲ್ಲಿ ಪಾರ್ಸಲ್ ಒಯ್ಯುವ ಕೆಎಸ್ಆರ್‌ಟಿಸಿಯವರ 'ನಮ್ಮ ಕಾರ್ಗೋ' 2021ರಿಂದ ಇದೆ, ಆದರೆ ಕಾಲು ಕೆಜಿ ಸಂಡಿಗೆ ಇಸಿದುಕೊಳ್ಳಲು ಯಾರು ಮೆಜೆಸ್ಟಿಕ್ಕಿಗೆ ಬರುತ್ತಾರೆ? ಮನೆ ಬಾಗಿಲಲ್ಲಿ ದುಡ್ಡು ಕೊಡುವ ಪದ್ಧತಿಯನ್ನು ಆಗಲೇ ನಿಲ್ಲಿಸಿದ್ದೆ. ಒಬ್ಬರು ಬೇಡ ಅಂದು ವಾಪಸ್ ಕಳಿಸಿದ್ದಕ್ಕೆ ಹೋಗುವ ಬಾಡಿಗೆಯೂ ನನ್ನದೇ, ಬರುವ ಬಾಡಿಗೆಯೂ ನನ್ನದೇ. ಅದಕ್ಕೆ ಆರ್‌ಟಿಒ, ಅಂದರೆ 'ರಿಟರ್ನ್ ಟು ಒರಿಜಿನ್' ಅನ್ನುತ್ತಾರೆ ಅಂತ ಅವತ್ತು ತಿಳಿಯಿತು. ನನಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಡ್ರೈವಿಂಗ್ ಲೈಸೆನ್ಸ್ ಕೊಡುವ ಆರ್‌ಟಿಒ ಒಂದೇ.

ಹತ್ತೂ ಐದಕ್ಕೆ ಮೊದಲ ಉತ್ತರ. ಬರೀ ಒಂದು ಹೆಬ್ಬೆರಳು, ಕೆಳಮುಖವಾಗಿ. ಹಿಂದೆಯೇ ಒಂದೊಂದಾಗಿ ಶುರುವಾಯಿತು.

"110 ರೂಪಾಯಿ ಸಂಡಿಗೆಗೆ 70 ರೂಪಾಯಿ ಚಾರ್ಜಾ? ಸಂಡಿಗೆ ಏನು ವಿಮಾನದಲ್ಲಿ ಬರುತ್ತಾ ಮೇಡಂ?" ಇದು ರಾಜಾಜಿನಗರದವರು. ಇದಕ್ಕೆ ಹನ್ನೊಂದು ಜನ ನಗುವ ಮುಖ ಒತ್ತಿದರು. ಅದರಿಂದ ಹುರುಪು ಬಂದಿರಬೇಕು, "ಯಶವಂತಪುರದಿಂದ ಪ್ಯಾಸೆಂಜರ್ ರೈಲಿನ ಟಿಕೇಟು ಇದಕ್ಕಿಂತ ಕಮ್ಮಿ, ನಾನೇ ಬಂದು ತಗೊಂಡು ಹೋಗ್ತೀನಿ" ಅಂತಲೂ ಬರೆದರು. ಬನ್ನಿ ಅಂದೆ. ಸಿಟ್ಟಿನಲ್ಲೇ ಅಂದದ್ದು.

ದೊಡ್ಡ ಆ್ಯಪುಗಳಲ್ಲಿ ಎಲ್ಲ ಫ್ರೀ ಅಂತ ಇಬ್ಬರು. ಫ್ರೀ ಎಲ್ಲಿಂದ? ಅಮೆಜಾನ್ ಪ್ರೈಮ್ 2016ರಲ್ಲಿ ನಮ್ಮಲ್ಲಿ ಶುರುವಾದಾಗ ವರ್ಷಕ್ಕೆ 499, ಮರುವರ್ಷ 999, 2021ರ ಡಿಸೆಂಬರಿನಿಂದ 1,499. ನಮ್ಮ ಯಜಮಾನರು ಅದನ್ನು ಕಟ್ಟಿಯೇ ವರ್ಷವಿಡೀ "ಡೆಲಿವರಿ ಫ್ರೀ ಕಣೇ" ಅಂತಿರುತ್ತಾರೆ. ಊಟ ತರಿಸುವ ಆ್ಯಪುಗಳು 2023ರಲ್ಲಿ ಪ್ಲಾಟ್‌ಫಾರ್ಮ್ ಫೀ ಅಂತ ಎರಡು ರೂಪಾಯಿ ಶುರು ಮಾಡಿದವು, ಈಗ ಅದು ಎರಡಂಕಿಗೆ ಬಂದಿದೆ. ಎರಡೆರಡು ರೂಪಾಯಿ ಏರಿಸಿದರೆ ಯಾರಿಗೂ ಚುಚ್ಚುವುದಿಲ್ಲ. ನಾನು ದಡ್ಡಿ, 40ರಿಂದ 70ಕ್ಕೆ ಒಂದೇ ನೆಗೆತ ನೆಗೆದೆ. ಇದನ್ನೆಲ್ಲ ಅವರಿಗೆ ಬರೆಯಬೇಕು ಅಂತ ಬೆರಳು ತುರಿಸಿತು, ಬರೆಯಲಿಲ್ಲ. ಯಾಕೆಂದರೆ ನಾನೇನು ಸಾಚಾ ಅಲ್ಲ. ಬೇರೊಂದು ಆ್ಯಪಿನಲ್ಲಿ 40 ರೂಪಾಯಿ ಚಾರ್ಜು ಉಳಿಸಲು 90 ರೂಪಾಯಿಯ ಸ್ಟೀಲು ನಾರು ತರಿಸಿದವಳು. ಆ ನಾರು ಇವತ್ತಿಗೂ ಅಟ್ಟದ ಮೇಲೆ ಬಿದ್ದಿದೆ.

ಇದೆಲ್ಲ ಹೋಗಲಿ. ನಾಲ್ಕು ವರ್ಷದಿಂದ ತಿಂಗಳು ತಪ್ಪದೆ ತರಿಸುತ್ತಿದ್ದ ಮೈಸೂರಿನ ನಿವೃತ್ತ ಟೀಚರ್ ಗುಂಪಿನಲ್ಲಿ ಏನೂ ಹೇಳದೆ ನನಗೊಬ್ಬಳಿಗೇ ಬರೆದರು: "ದುಡ್ಡಿನ ಪ್ರಶ್ನೆ ಅಲ್ಲಮ್ಮ. ನೀವೂ ಅವರ ಹಾಗೆ ಆಗಿಬಿಟ್ರಲ್ಲ."

ಅವರ ಹಾಗೆ ಅಂದರೆ ಯಾರ ಹಾಗೆ? ಕೇಳಲು ಧೈರ್ಯವಾಗಲಿಲ್ಲ. ತಾರಸಿಯ ಬಿಸಿ ಅಂಗಾಲಿಗೆ ಹತ್ತುತ್ತಿತ್ತು, ಏಳಲೂ ಮನಸ್ಸಾಗಲಿಲ್ಲ.

ಆಗ ಒಂದು ಎಡವಟ್ಟು ಮಾಡಿದೆ. ಕೊರಿಯರ್ ಬಿಲ್ಲಿನ ಫೋಟೋ ತೆಗೆದು ಗುಂಪಿಗೆ ಹಾಕಿದೆ, ನೋಡಿ ನನ್ನ ಕಷ್ಟ ಅಂತ. ಮರುಕ ಹುಟ್ಟುತ್ತದೆ ಅಂದುಕೊಂಡಿದ್ದೆ. ಹುಟ್ಟಿದವರು ಆಡಿಟರುಗಳು. ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ, ಬೇರೆ ಕೊರಿಯರ್ ಯಾಕಿಲ್ಲ, ಹಾಗಾದರೆ ಇಷ್ಟು ದಿನ 40 ರೂಪಾಯಿಗೆ ಹೇಗೆ ಕಳಿಸಿದಿರಿ, ಸಂಡಿಗೆಯಲ್ಲಿ ಅಷ್ಟು ಲಾಭ ಇತ್ತಾ? ಅಂಗಡಿಯವನು ಖರೀದಿ ಚೀಟಿಯನ್ನು ಗಲ್ಲಾಪೆಟ್ಟಿಗೆ ಕೆಳಗೆ ಯಾಕಿಡುತ್ತಾನೆ ಅಂತ ಅವತ್ತು ಅರ್ಥವಾಯಿತು.

ಆದರೆ ಅದರಲ್ಲೇ ಒಂದು ಮೆಸೇಜು ಬಂಗಾರದಂಥದ್ದು. ಬರೆದವರು ಯಾವುದೋ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದಲ್ಲಿದ್ದವರಂತೆ. "ಪೆಟ್ಟಿಗೆಯನ್ನು 25, 18, 10ಕ್ಕೆ ಇಳಿಸಿ. ಎರಡು ಪ್ಯಾಕೆಟ್ ಮಲಗಿಸಿದರೆ ಹಿಡಿಯುತ್ತೆ." ಮಗ ಜಾಮಿಟ್ರಿ ಬಾಕ್ಸಿನ ಸ್ಕೇಲು ತಂದ. ಎದುರಿನ ಅಂಗಡಿಯಿಂದ ಬಿಸ್ಕತ್ತಿನ ರಟ್ಟು ತಂದು ಕತ್ತರಿಸಿ ಮಡಚಿ ನೋಡಿದೆವು. ಹಿಡಿಯಿತು. ಗುಣಿಸಿದರೆ 4500, ಭಾಗಿಸಿದರೆ 0.9. ಒಂದು ಕೆಜಿ! 88ರ ಮೇಲೆ ಜಿಎಸ್‌ಟಿ ಸೇರಿ 103 ರೂಪಾಯಿ 84 ಪೈಸೆ. ಪಾರ್ಸಲ್ಲಿಗೆ 94 ರೂಪಾಯಿ ಉಳಿತಾಯ. ಅಷ್ಟು ದಿನ ನಾನು ಕೊರಿಯರಿನವರಿಗೆ ಬೈದದ್ದರಲ್ಲಿ ಅರ್ಧ ವಾಪಸ್ ತಗೊಳ್ಳಬೇಕಾಯಿತು. ಪೆಟ್ಟಿಗೆಗಳನ್ನು ಒಟ್ಟಿಗೆ ಕೊಂಡರೆ ಅಗ್ಗ ಅಂತ ಒಂದೇ ಅಳತೆಯ ಇನ್ನೂರನ್ನು ತಂದು ಮಂಚದ ಕೆಳಗೆ ತುಂಬಿದವಳು ನಾನೇ ತಾನೆ.

ಸಂಜೆ ಸಂಡಿಗೆ ತೆಗೆದು ಮೊರಕ್ಕೆ ಹಾಕುವ ಹೊತ್ತಿಗೆ ಆರ್ಡರು ಸೊನ್ನೆ. ಭಾನುವಾರ ಹಾಗಾಗುವುದೇ ಇಲ್ಲ. ಮಗ ಅಂದ, "ಅಮ್ಮ, ಡೆಲಿವರಿ ಫ್ರೀ ಅಂತ ಹಾಕು. ಸಂಡಿಗೆ 165 ಮಾಡು."

"ಎರಡೂ ಒಂದೇ ಅಲ್ವೇನೋ?"

"ನಿಂಗೆ ಒಂದೇ."

ಏಳೂವರೆಗೆ ಹಾಗೆಯೇ ಹಾಕಿದೆ. ಮಲಗುವುದರೊಳಗೆ ಒಂಬತ್ತು ಆರ್ಡರು. ರಾಜಾಜಿನಗರದವರದೂ ಇತ್ತು, ಮೂರು ಪ್ಯಾಕೆಟ್. ಜೊತೆಗೆ "ಈಗ ಸರಿಯಾಯ್ತು ನೋಡಿ ಮೇಡಂ, ಥ್ಯಾಂಕ್ಸ್" ಅಂತ ಕೈಮುಗಿದ ಚಿತ್ರ. ಬೆಳಗ್ಗಿನ ದರದಲ್ಲಾದರೆ 330, ಮೇಲೆ 70, ಒಟ್ಟು 400 ಆಗುತ್ತಿತ್ತು. ರಾತ್ರಿ ಅವರು ಖುಷಿಯಿಂದ ಕಟ್ಟಿದ್ದು 495. ಇನ್ನೂ ಚೋದ್ಯ ಅಂದರೆ ಮೂರು ಪ್ಯಾಕೆಟ್ ಹೊಸ ರಟ್ಟಿನಲ್ಲಿ ಹಿಡಿಯುವುದಿಲ್ಲ, ಹಳೇ ಪೆಟ್ಟಿಗೆಯಲ್ಲೇ ಹೋಗಬೇಕು. ಹಾಗಾಗಿ ನನಗೂ ಅದರಲ್ಲಿ 33 ರೂಪಾಯಿ ನಷ್ಟ. ಅವರಿಗೂ ಜಾಸ್ತಿ ಬಿತ್ತು, ನನಗೂ ಕೈ ಬಿಟ್ಟಿತು, ಆದರೂ ಇಬ್ಬರಿಗೂ ಸಮಾಧಾನ. ಮೈಸೂರಿನ ಟೀಚರ್ ಮಾತ್ರ ತರಿಸಲಿಲ್ಲ.

ಬೆಳಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದಾಗ ಹೂವಿನಮ್ಮ ಬಂದಳು. ಮೂರು ಮನೆಯಾಚೆ ಇರುವವಳು. ಸಂಕ್ರಾಂತಿಯಾದ ಮೇಲೆ ಅತ್ತೆಯ ಸಂಡಿಗೆ ಒಂದು ಪ್ಯಾಕೆಟ್ ಒಯ್ಯದೆ ಇರುವವಳಲ್ಲ. ಸೆರಗಿನ ತುದಿ ಬಿಚ್ಚಿ ನೂರರದೊಂದು, ಹತ್ತರದೊಂದು ನೋಟು ಹಿಡಿದಿದ್ದಳು, ಕೊಡಲಿಲ್ಲ.

"ಮಗ್ಳು ಫೋನಲ್ಲಿ ತೋರ್ಸುದ್ಲು. ನೂರಾ ಅರವತ್ತೈದು ಮಾಡಿದೀಯಂತೆ?"

"ಅದು ಡೆಲಿವರಿ ಸೇರಿ..." ಅಂದೆ.

"ಯಾವ್ ಡಿಲಿವರಿ? ನಾನೇನ್ ಬೆಂಗ್ಳೂರಿಂದ ಬಂದ್ನಾ? ಆ ಬಾಗ್ಲಿಂದ ಈ ಬಾಗ್ಲಿಗೆ ಐವತ್ತೈದು ರೂಪಾಯಾ?"

ಬಾಯಿ ಕಟ್ಟಿತು. ರಾತ್ರಿ ಒಂಬತ್ತು ಆರ್ಡರಿನ ಸಂಭ್ರಮದಲ್ಲಿ ಇವಳು ನನ್ನ ನೆನಪಿಗೇ ಬಂದಿರಲಿಲ್ಲ. ಅತ್ತೆ ಒಳಗಿಂದ ಬಂದು ಅವಳ ಕೈಯಿಂದ ನೂರಾಹತ್ತು ಈಸಿಕೊಂಡು ಪ್ಯಾಕೆಟ್ ಕೊಟ್ಟರು. ಆಮೇಲೆ ಮಗನ ಹಳೇ ಸ್ಲೇಟು ಹುಡುಕಿ, ಅದರ ಮೇಲೆ ಬಳಪದಲ್ಲಿ '110' ಅಂತ ದಪ್ಪಕ್ಕೆ ಬರೆದು ಕಿಟಕಿ ಸರಳಿಗೆ ಕಟ್ಟಿದರು. ಮತ್ತೇನೂ ಬರೆಯಲಿಲ್ಲ.

ಇದಾಗಿ ಮೂರು ವಾರಕ್ಕೆ, ಇನ್ನೊಂದು ಭಾನುವಾರ ಮಧ್ಯಾಹ್ನ, ಗೇಟಿನ ಹತ್ತಿರ ಒಬ್ಬರು ನಿಂತು ಸ್ಲೇಟನ್ನೇ ನೋಡುತ್ತಿದ್ದರು. ಹಣೆ ಮೇಲೆ ಮಠದ ವಿಭೂತಿ. ರಾಜಾಜಿನಗರ ಅಂದರು. ರೈಲಿನಲ್ಲೇ ಬಂದಿದ್ದರು!

"ಮೇಡಂ, ಇದು ನಿಮ್ಮದೇ ಸಂಡಿಗೆನಾ? ಫೋನಲ್ಲಿ 165 ಇದೆ?"

"ಇಲ್ಲಿರೋದು ಸಂಡಿಗೆ ಬೆಲೆ ಸಾರ್. ಫೋನಲ್ಲಿರೋದು ಸಂಡಿಗೇದೂ ಲಾರೀದೂ ಸೇರಿ."

ಅವರು ಸ್ವಲ್ಪ ಹೊತ್ತು ಬೆರಳಲ್ಲಿ ಏನೋ ಎಣಿಸಿದರು. ಮೂರು ಪ್ಯಾಕೆಟ್ಟಿನ ಲೆಕ್ಕವೇ ಇರಬೇಕು, ನಾನು ಕಿಟಕಿ ಕಡೆ ತಿರುಗಿದೆ. ಆಮೇಲೆ ಹತ್ತು ಪ್ಯಾಕೆಟ್ ಕೊಡಿ ಅಂದರು, ಸಾವಿರದ ನೂರು ರೂಪಾಯಿ ಎಣಿಸಿ ಕೊಟ್ಟರು. ಹತ್ತು ಪ್ಯಾಕೆಟ್ಟನ್ನು ಎರಡು ಕೈಯಲ್ಲಿ ಹೇಗೆ ಹಿಡಿಯುವುದು? ಸುತ್ತಮುತ್ತ ನೋಡಿ, "ಒಂದು ಚೀಲ ಇದೆಯಾ?" ಅಂದರು.

"ಇದೆ" ಅಂದರು ಅತ್ತೆ. "ಹತ್ತು ರೂಪಾಯಿ."