‘ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ?’

ಬೇಕಿತ್ತು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ನನಗೀಗ 69. ಬಲಭುಜದ ಕೀಲು ಬದಲಿಸಿ ಹದಿನಾಲ್ಕು ತಿಂಗಳಾಯಿತು. ಹೋದಲ್ಲೆಲ್ಲ ಇದೊಂದೇ ಪ್ರಶ್ನೆ. ಅದರಲ್ಲೂ ಆ ‘ಇದೆಲ್ಲಾ’ ಅನ್ನುವ ಮಾತು ನನಗೆ ಚುಚ್ಚುತ್ತದೆ. ನಾನೇನೋ ಶೋಕಿಗೆ ಚಿನ್ನದ ಸರ ಮಾಡಿಸಿಕೊಂಡೆ ಅನ್ನುವ ಹಾಗೆ.

ಹೋದ ತಿಂಗಳು ಸಾಗರದಲ್ಲಿ ಒಂದು ಮದುವೆ. ಗಟ್ಟಿಮೇಳ ಶುರುವಾಯಿತು. ಕೈಯೆತ್ತಿ ಅಕ್ಷತೆ ಹಾಕಿದೆ. ಎರಡು ಸಾಲು ದಾಟಿ ಹೋಗಿ ಮಂಟಪದ ಹತ್ತಿರ ಬಿತ್ತು. ಅದಕ್ಕೂ ಹಿಂದಿನ ಮದುವೆಯಲ್ಲಿ ಸೊಂಟದ ಮಟ್ಟದಿಂದ ಎಸೆದಿದ್ದೆ, ಕಾಳೆಲ್ಲ ಮುಂದೆ ನಿಂತವರ ಕುತ್ತಿಗೆಯೊಳಗೆ ಹೋಗಿತ್ತು. ಈ ಸಲ ನನಗಂತೂ ಕಣ್ಣು ತುಂಬಿ ಬಂತು. ಚಿಕ್ಕಪ್ಪನ ಮಗ ಅದನ್ನು ನೋಡಿದ್ದ. ಊಟಕ್ಕೆ ಕೂತಾಗ, ಸಾರು ಬಡಿಸುವ ಹೊತ್ತಿಗೆ, ಎದುರಿನ ಪಂಕ್ತಿಯಿಂದ ಎಲ್ಲರಿಗೂ ಕೇಳುವ ಹಾಗೆ, ‘ಅಲ್ಲಾ ಅಕ್ಕಾ, ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ? ಎಣ್ಣೆ ಹಚ್ಚಿಕೊಂಡು ಸುಮ್ನೆ ಇರಬಹುದಿತ್ತಲ್ವಾ?’ ಅಂದ. ಎಲೆ ಮುಂದೆ ಕೂತು ಜಗಳ ಬೇಡ ಅಂತ ಸುಮ್ಮನಾದೆ. ಈಗ ಮುಂದೆ ಎಲೆ ಇಲ್ಲ.

ಎಣ್ಣೆ ಹಚ್ಚಿದ್ದೆ ಕಣಪ್ಪಾ. ಮಹಾನಾರಾಯಣ ತೈಲದ ಎಷ್ಟು ಬಾಟಲಿ ಖಾಲಿಯಾದವೋ ಲೆಕ್ಕವಿಲ್ಲ. ಆರು ತಿಂಗಳು ಫಿಸಿಯೋಥೆರಪಿ ಮಾಡಿಸಿದೆ. ಎರಡು ಸಲ ಕೀಲಿನೊಳಕ್ಕೆ ಇಂಜೆಕ್ಷನ್ ಆಯಿತು. ಮೊದಲು ಎಲ್ಲರೂ ‘ಫ್ರೋಜನ್ ಶೋಲ್ಡರ್, ಭುಜ ಬಿಗಿದುಕೊಂಡಿದೆ, ಶುಗರ್ ಇದ್ದವರಿಗೆ ಜಾಸ್ತಿ, ತಾನಾಗೇ ಬಿಡುತ್ತೆ’ ಅಂದರು. ನನಗೆ ಶುಗರ್ ಇದೆ, ನಂಬಿದೆ. ಇದು ತಾನಾಗೇ ಬಿಡುವ ಪೈಕಿಯದಲ್ಲ ಅಂತ ಗೊತ್ತಾಗಿದ್ದು ಎಂ.ಆರ್.ಐ. ಮಾಡಿಸಿದ ಮೇಲೆ. ತೋಳಿನ ಮೂಳೆಯ ಗುಂಡನ್ನು ನಾಲ್ಕು ಸ್ನಾಯುಗಳು ಸೇರಿ ಅದರ ಜಾಗದಲ್ಲಿ ಹಿಡಿದಿಟ್ಟಿರುತ್ತವೆ. ರೊಟೇಟರ್ ಕಫ್ ಅಂತಾರೆ. ನನ್ನವು ಎರಡು ಹರಿದು, ಒಳಕ್ಕೆ ಸೇದಿಕೊಂಡು, ಸೊರಗಿ ಕೊಬ್ಬಾಗಿಬಿಟ್ಟಿದ್ದವು. ಹೊಲಿದು ಸರಿಮಾಡುವ ಹಾಗೂ ಇರಲಿಲ್ಲ. ಹಳೇ ಬಟ್ಟೆಗೆ ಹೊಲಿಗೆ ಹಾಕಿದರೆ ದಾರ ನಿಂತರೂ ಬಟ್ಟೆ ನಿಲ್ಲುವುದಿಲ್ಲವಲ್ಲ, ಹಾಗೆ. ಹಿಡಿಯುವವರಿಲ್ಲದೆ ಗುಂಡು ಮೇಲಕ್ಕೆ ಜಾರಿ, ಉಜ್ಜಿ ಉಜ್ಜಿ ಕೀಲೂ ಸವೆದಿತ್ತು.

ಅದಕ್ಕೇ ಉಲ್ಟಾ ಕೀಲು ಹಾಕಿದರು. ಹುಟ್ಟಿನಿಂದ ಬಂದ ಭುಜದಲ್ಲಿ ಗುಂಡು ತೋಳಿನ ಕಡೆ, ಬಟ್ಟಲು ಹೆಗಲಮೂಳೆಯ ಕಡೆ. ಇದರಲ್ಲಿ ಅದಲು ಬದಲು. ಆಗ ಹರಿದ ಸ್ನಾಯುಗಳ ನೆರವಿಲ್ಲದೆ, ಹೊರಗಿನ ಡೆಲ್ಟಾಯ್ಡ್ ಅನ್ನುವ ದೊಡ್ಡ ಸ್ನಾಯುವೇ ಕೈಯನ್ನು ಎತ್ತುತ್ತದೆ. ಈಗ ಹಾಕುವ ಬಗೆಯ ಕೀಲಿಗೆ ದಾರಿ ಮಾಡಿದವರು ಫ್ರಾನ್ಸಿನ ಪಾಲ್ ಗ್ರಾಮೊಂ ಎಂಬ ಡಾಕ್ಟರು, 1985ರಲ್ಲಿ. ಇದನ್ನು ಹೆಚ್ಚಾಗಿ ಹಾಕುವುದೇ ವಯಸ್ಸಾದವರಿಗೆ. ಚಿಕ್ಕವರಿಗಾದರೆ ಡಾಕ್ಟರುಗಳೇ ಹಿಂದೆಮುಂದೆ ನೋಡುತ್ತಾರೆ, ಕೀಲು ಅಷ್ಟು ವರ್ಷ ಬಾಳಬೇಕಲ್ಲ. ‘ಈ ವಯಸ್ಸಲ್ಲಾ?’ ಅಂದರೆ, ಹೌದು, ಈ ವಯಸ್ಸಲ್ಲೇ.

ಮಂಡಿ ನೋವಿನವರು ಕುಂಟುತ್ತಾರೆ, ಜನ ಎದ್ದು ಜಾಗ ಕೊಡುತ್ತಾರೆ. ಭುಜದ ನೋವು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಪ್ರಶ್ನೆ ಕೇಳುವವರಲ್ಲಿ ಒಬ್ಬರಾದರೂ ‘ರಾತ್ರಿ ಹೇಗೆ ಮಲಗುತ್ತಿದ್ದಿರಿ?’ ಅಂತ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಬಲಕ್ಕೆ ತಿರುಗುವ ಹಾಗಿಲ್ಲ. ಎಡಕ್ಕೆ ತಿರುಗಿದರೆ ಬಲಗೈ ಜೋತುಬಿದ್ದು ಎಳೆಯುತ್ತದೆ. ಸುಮಾರು ಮೂರು ವರ್ಷ ಆರಾಮಕುರ್ಚಿಯಲ್ಲಿ, ತೋಳಿನ ಕೆಳಗೆ ಎರಡು ದಿಂಬು ಇಟ್ಟುಕೊಂಡು ರಾತ್ರಿ ಕಳೆದೆ.

ತಲೆ ಯಾರು ಬಾಚುತ್ತಿದ್ದರು ಅಂತಲೂ ಯಾರೂ ಕೇಳಲಿಲ್ಲ. ನಮ್ಮನೆಯವರು. ನಲವತ್ತು ವರ್ಷದಲ್ಲಿ ಒಂದು ದಿನವೂ ನನ್ನ ಬಾಚಣಿಗೆ ಮುಟ್ಟದ ಮನುಷ್ಯ. ಮೊದಮೊದಲು ಸಿಕ್ಕು ಬಿಡಿಸಲು ಬುಡದಿಂದಲೇ ಎಳೆಯುತ್ತಿದ್ದರು. ಆಮೇಲೆ ಎಡಗೈಯಲ್ಲಿ ಕೂದಲನ್ನು ಬಿಗಿಯಾಗಿ ಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುವುದು ಕಲಿತರು. ಜಡೆ ಮಾತ್ರ ಯಾವಾಗಲೂ ಎಡಕ್ಕೆ ವಾಲುತ್ತಿತ್ತು. ಅದನ್ನು ನಾನು ಒಂದು ದಿನವೂ ಬಿಚ್ಚಿ ಸರಿಮಾಡಿಸಲಿಲ್ಲ.

ಆಪರೇಷನ್ ಆದ ಮೇಲೆ ಎಲ್ಲ ಸುಲಭವಾಯಿತು ಅಂತ ಸುಳ್ಳು ಹೇಳುವುದಿಲ್ಲ. ಆರು ವಾರ ಕೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡಿದ್ದೆ. ಆ ಕೈ ಊರಿ ಕುರ್ಚಿಯಿಂದ ಏಳಬಾರದು, ಬೆನ್ನ ಹಿಂದಕ್ಕೆ ಒಯ್ಯಬಾರದು, ಕೀಲು ತಪ್ಪಿಬಿಡಬಹುದು. ಆಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಹತ್ತಿಸುವ ವ್ಯಾಯಾಮ. ಮುಟ್ಟಿದಷ್ಟಕ್ಕೆ ಪೆನ್ಸಿಲ್ ಗೆರೆ. ಅಡುಗೆಮನೆ ಬಾಗಿಲ ಪಕ್ಕ, ಮಕ್ಕಳ ಎತ್ತರ ಗುರುತು ಹಾಕಿದ್ದ ಜಾಗದಲ್ಲೇ. ಮಗನ ಎಂಟನೇ ಕ್ಲಾಸಿನ ಗೆರೆ ದಾಟಿದ ದಿನ ಅವನಿಗೆ ಫೋನ್ ಮಾಡಿ ಹೇಳಿದೆ. ಈಗ ತುರುಬು ನಾನೇ ಕಟ್ಟುತ್ತೇನೆ. ಸೀರೆಯನ್ನು ಬೆನ್ನ ಹಿಂದೆ ಸಿಕ್ಕಿಸುವಷ್ಟು ಕೈ ಇನ್ನೂ ಹೋಗುವುದಿಲ್ಲ. ಹೋಗದೇನೂ ಇರಬಹುದು. ತುಂಬಿದ ಕೊಡ ಎತ್ತುವ ಹಾಗಿಲ್ಲ. ಆದರೆ ಹಾಸಿಗೆಯಲ್ಲಿ ಮಲಗುತ್ತೇನೆ. ಬೆಳಗಿನವರೆಗೆ.

ಆ ಮದುವೆಯ ದಿನ ಊಟವಾಗಿ ಕೈ ತೊಳೆಯಲು ಹೋಗಿದ್ದೆ. ಚಿಕ್ಕಪ್ಪನ ಮಗನ ಹೆಂಡತಿ ಹಿಂದೆಯೇ ಬಂದಳು. ನಲ್ಲಿ ತಿರುಗಿಸಲು ತನ್ನ ಬಲಗೈಯನ್ನು ಎಡಗೈಯಿಂದ ಮೊಣಕೈ ಹಿಡಿದು ಎತ್ತಿದಳು. ಅದು ನನಗೆ ಗೊತ್ತಿರುವ ಎತ್ತುವಿಕೆ. ಆ ಕಡೆ ಈ ಕಡೆ ನೋಡಿ, ಮೆಲ್ಲಗೆ, ‘ಅಕ್ಕಾ, ಈಗ ರಾತ್ರಿ ನಿದ್ದೆ ಬರುತ್ತಾ?’ ಅಂದಳು.

ನಾವಿಬ್ಬರೂ ತಾಂಬೂಲ ತಗೊಳ್ಳಲು ಹೋಗುವಾಗ ಛತ್ರದಲ್ಲಿ ಕುರ್ಚಿ ಮಡಚುತ್ತಿದ್ದರು.