ಹಳದಿ ಎಲೆ ಕಂಡರೆ ಮೊದಲು ಕುಂಡ ಎತ್ತಿ ನೋಡಿ

ಜುಲೈ ತಿಂಗಳ ಮೋಡದ ಬೆಳಗ್ಗೆ. ಬೆಂಗಳೂರಿನ ಫ್ಲ್ಯಾಟೊಂದರ ಹಾಲ್‌ನಲ್ಲಿ, ಉತ್ತರದ ಕಿಟಕಿ ಪಕ್ಕ ಇಟ್ಟಿದ್ದ ಟೊಮ್ಯಾಟೊ ಗಿಡದ ಕೆಳಗಿನ ಎಲೆಗಳೆಲ್ಲ ಹಳದಿ. ಕಾಂಡ ಸಣಕಲಾಗಿ ಗಾಜಿನ ಕಡೆ ವಾಲಿತ್ತು. ಇಂಥ ಹೊತ್ತಿನಲ್ಲಿ ಕೈ ಗೊಬ್ಬರದ ಡಬ್ಬಕ್ಕೆ ಹೋಗುತ್ತದೆ. ದಯವಿಟ್ಟು ಬೇಡ, ಬೇರು ಕೆಟ್ಟಿದ್ದರೆ ಗೊಬ್ಬರದ ಉಪ್ಪಿಗೆ ಉಳಿದ ಬೇರೂ ಸುಡುತ್ತದೆ.

ಕುಂಡ ಎತ್ತಿದರೆ, ನೀರು ಹಾಕಿ ನಾಲ್ಕು ದಿನವಾದರೂ ಕಲ್ಲಿನಷ್ಟು ಭಾರ. ಬೆರಳು ಇಳಿಸಿದರೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇನ್ನೂ ತೊಯ್ದು ತೊಪ್ಪೆ. ಮೇಲೆ ಸಣ್ಣ ಕಪ್ಪು ನೊಣಗಳ ಹಾರಾಟ. ಸದಾ ಒದ್ದೆಯಿರುವ ಕಡೆಯೇ ಅವು ಮೊಟ್ಟೆಯಿಡುವುದು. ಗಿಡವನ್ನು ಮೆಲ್ಲಗೆ ಹೊರತೆಗೆದಾಗ ತಳದ ಬೇರು ಕಂದುಬಣ್ಣ, ಚರಂಡಿ ವಾಸನೆ. ಎರಡು ಬೆರಳಲ್ಲಿ ಹಿಡಿದೆಳೆದರೆ ಸಿಪ್ಪೆ ಜಾರಿ ಕೈಗೆ ಬಂತು, ಒಳಗಿನ ನೂಲಿನಂಥ ಎಳೆ ಮಾತ್ರ ಉಳಿಯಿತು. ಮೇಲ್ಭಾಗದಲ್ಲಿ ಬಿಳಿ ಬೇರುಗಳಿದ್ದವು. ಅಂದರೆ ಗಿಡ ಉಳಿಸಬಹುದು.

ನೀರು ಹಾಕಿದ್ದು ತೀರಾ ಹೆಚ್ಚೇನಲ್ಲ, ಬೆಳಕು ಸಾಲದ ಗಿಡ ಅದನ್ನು ಕುಡಿಯಲಿಲ್ಲ. ಹಾಗಾಗಿ ಬರೀ ಕುಂಡ ಬದಲಿಸಿದರೆ ತಿಂಗಳಲ್ಲಿ ಮತ್ತೆ ಇದೇ ಪಾಡು.

ಕೊಳೆತ ಬೇರನ್ನು ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ತೆಗೆದು, ಕೆಂಪುಮಣ್ಣು ಎರಡು ಪಾಲು, ತೊಳೆದ ಕೊಕೊಪೀಟ್ ಒಂದು, ದಪ್ಪ ಮರಳು ಒಂದು, ಎರೆಗೊಬ್ಬರ ಅರ್ಧ ಪಾಲಿನ ಮಿಶ್ರಣದಲ್ಲಿ ನೆಡಬೇಕು. ಸಣಕಲು ಕಾಂಡವನ್ನು ಕೆಳಗಿನ ಒಳ್ಳೆಯ ಎಲೆಯವರೆಗೆ ಹೂತರೆ ಅದರಿಂದಲೂ ಬೇರೊಡೆಯುತ್ತದೆ. ಬಿಳಿ ಎಲ್‌ಇಡಿ ದೀಪ ತುದಿಯಿಂದ 20ರಿಂದ 30 ಸೆಂ.ಮೀ. ಮೇಲಿರಲಿ, ದಿನಕ್ಕೆ 14 ಗಂಟೆ ಉರಿಯಲಿ. ರಾತ್ರಿ ಆರಿಸಲೇಬೇಕು. ಹಗಲು ರಾತ್ರಿ ಬೆಳಕಲ್ಲಿಟ್ಟರೂ ಟೊಮ್ಯಾಟೊ ಎಲೆ ಹಳದಿಯಾಗುತ್ತದೆ. ಮುಂದಿನ ನೀರು ಕುಂಡ ಹಗುರಾದ ಮೇಲೆಯೇ.

ಬೇರು ಬೆಳ್ಳಗಿದ್ದರೆ ಮಾತ್ರ ಎಲೆ ನೋಡಿ. ಹಳೆ ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಿದ್ದರೆ ಮೆಗ್ನೀಸಿಯಂ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಬೆರೆಸಿ ಸಿಂಪಡಿಸಿ. ಇದೇ ಲಕ್ಷಣ ಎಳೆ ಎಲೆಯಲ್ಲಿದ್ದರೆ ಕಬ್ಬಿಣದ್ದು. ಎಲೆ ತುಂಬ ಸೂಜಿಮೊನೆಯಂಥ ಚುಕ್ಕೆಗಳಿದ್ದರೆ ಬಿಳಿ ಹಾಳೆಯ ಮೇಲೆ ಕೊಡವಿ: ಉದುರಿದ ಧೂಳು ಹರಿದಾಡಿದರೆ ಅದು ನುಸಿ. ಬಿಳಿನೊಣದ ಜೊತೆ ಕುಡಿ ಎಲೆಗಳು ಮೇಲಕ್ಕೆ ಮುದುಡಿ ಚಿಕ್ಕದಾಗಿದ್ದರೆ ಎಲೆ ಮುಟುರು ರೋಗವೇ ಇರಬಹುದು. ಅದಕ್ಕೆ ಮದ್ದಿಲ್ಲ, ಕಿತ್ತುಹಾಕಬೇಕು.

ಹಳದಿಯಾದ ಎಲೆಗಳು ಮತ್ತೆ ಹಸಿರಾಗುವುದಿಲ್ಲ, ಅವನ್ನು ನೋಡುತ್ತಾ ಕೂರಬೇಡಿ. ಗಿಡ ಚೇತರಿಸಿದೆಯೋ ಇಲ್ಲವೋ ತಿಳಿಯುವುದು ತುದಿಯಲ್ಲಿ ಹೊಸದಾಗಿ ಬಿಚ್ಚುವ ಎಲೆಯಿಂದ.