ಉರಿಯೋದು ಸೌದೆ ಅಲ್ಲ, ಅದರ ಹೊಗೆ

ಕೊಡಗಲ್ಲಿ ಕಕ್ಕಡ ತಿಂಗಳ ಮಳೆ ಗೊತ್ತಲ್ಲ, ನಾಪೋಕ್ಲು ಹತ್ರ ನಮ್ಮನೇಲಿ ಮೂರು ದಿನದಿಂದ ಕರೆಂಟಿಲ್ಲ, ಬಚ್ಚಲ ಒಲೆಗೆ ಸಿಲ್ವರ್ ಓಕ್ ಸೌದೆ ತುರುಕಿ ಅರ್ಧ ಗಂಟೆ ಊದಿದೀನಿ, ಕಣ್ಣಲ್ಲಿ ನೀರು ಬಂತೇ ಹೊರತು ಹಂಡೆ ನೀರು ಬೆಚ್ಚಗೂ ಆಗ್ಲಿಲ್ಲ. ಸೌದೆ ತುದೀಲಿ ನೀರು ನೊರೆ ನೊರೆಯಾಗಿ ಉಕ್ಕಿ ಚುಯ್ ಅಂತಿತ್ತು.

ಅತ್ತೆ ಬಂದು "ನೀರು ಕುಡ್ದಿರೋ ಸೌದೆ ಊದಿದ್ರೆ ಹತ್ತುತದಾ, ಆಚೆ ಸರಿ" ಅಂದ್ರು. ಅಟ್ಟದಿಂದ ಒಣಗಿದ ಕಾಫಿ ಕಡ್ಡಿ ತಂದು ಕೆಂಡದ ಮೇಲಿಟ್ರು, ಹೊಗೆ ದಟ್ಟವಾಗಿ ಏಳೋ ತನಕ ಕಾದ್ರು, ಆಮೇಲೆ ಬೆಂಕಿಕಡ್ಡಿ ಗೀರಿ ಕಟ್ಟಿಗೆಗೆ ತಾಗಿಸ್ದೇ ಬರೀ ಹೊಗೆಗೆ ಹಿಡಿದ್ರು. ಭಗ್ ಅಂತ ಹೊಗೆನೇ ಹತ್ಕೊಂಡ್ತು!

ನಾವು ಉರಿ ಅನ್ನೋದು ಇದನ್ನೇ. ಸೌದೆ 200-300 ಡಿಗ್ರಿಗೆ ಬಿಸಿಯಾದ್ರೆ ಒಡೆದು ಗ್ಯಾಸ್ ಬಿಡತ್ತೆ, ಒಣ ಸೌದೆ ತೂಕದಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಹೀಗೇ ಹೋಗತ್ತೆ, ಉಳಿದ ಇದ್ದಿಲು ಕೆಂಡವಾಗಿ ಉರಿಯತ್ತೆ. ಗ್ಯಾಸಿಗೆ ಸಾಕಷ್ಟು ಬಿಸಿ ಅಥವಾ ಗಾಳಿ ಸಿಗ್ಲಿಲ್ಲ ಅಂದ್ರೆ ಅದೇ ಹೊಗೆ. ಹಸಿ ಸೌದೇಲಿ ತೂಕದ ಅರ್ಧದಷ್ಟು ನೀರೇ ಇರತ್ತೆ, 10 ಕೆಜಿ ಹಾಕಿದ್ರೆ 5 ಲೀಟರ್ ನೀರನ್ನ ಆವಿ ಮಾಡ್ಬೇಕು, ಅಷ್ಟು ಶಾಖಕ್ಕೆ ಹಂಡೇಲಿ 30 ಲೀಟರಿಗೂ ಜಾಸ್ತಿ ತಣ್ಣೀರು ಕುದಿಯೋಕೆ ಬರ್ತಿತ್ತು! ಒಲೆನೂ ತಣ್ಣಗಾಗಿ ಗ್ಯಾಸ್ ಉರೀದೇ ಹೊಗೆಯಾಗಿ ಅತ್ತೆ ಎದೆ ಸೇರತ್ತೆ, ಅವರ ಕೆಮ್ಮು ಕೇಳಿದ್ರೆ ನಂಗೆ ಸಂಕಟ ಆಗತ್ತೆ.

ಕಾಫಿ ಸೌದೆ ಜಾಸ್ತಿ ಕಾವು ಕೊಡತ್ತೆ ಅಂತಾರಲ್ಲ, ಚೆನ್ನಾಗಿ ಒಣಗಿದ್ರೆ ಕೆಜಿ ಲೆಕ್ಕದಲ್ಲಿ ಎಲ್ಲಾ ಸೌದೆನೂ ಹೆಚ್ಚುಕಮ್ಮಿ ಒಂದೇ. ಸಿಲ್ವರ್ ಓಕ್ ಹಗುರ, ಬೇಗ ಉರಿದು ಮುಗಿಯತ್ತೆ, ಹಳೇ ರೋಬಸ್ಟಾ ಕಾಫಿ ಗಿಡದ ಬುಡ ಗಟ್ಟಿ, ರಾತ್ರಿಯೆಲ್ಲಾ ಕೆಂಡ ಹಿಡ್ಕೊಳ್ಳತ್ತೆ.

ಆ ಕೆಂಡದ ವಿಷ್ಯಕ್ಕೇ ಅತ್ತೆ ಜೊತೆ ನಂಗೆ ಜಗಳ. ಚಳಿಗೆ ಬಾಣಲೇಲಿ ಕೆಂಡ ತಂದು ಮಲಗೋ ಕೋಣೇಲಿಟ್ಟು ಬಾಗಿಲು ಹಾಕ್ಕೊಳ್ತಾರೆ, ಹೊಗೆ ಇಲ್ವಲ್ಲ ಏನಾಗತ್ತೆ ಅಂತಾರೆ. ಹೊಗೆ ಇಲ್ದಿದ್ರೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರತ್ತೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ಮುಚ್ಚಿದ ಕೋಣೇಲಿ ನಿದ್ದೇಲೇ ಜೀವ ತೆಗೆಯತ್ತೆ. ನಿನ್ನೆ ರಾತ್ರಿ ನಾನೇ ಬಾಣಲೆ ಎತ್ತಿ ಜಗಲೀಲಿಟ್ಟು ಬಂದೆ. ಅತ್ತೆ ಮುನಿಸ್ಕೊಂಡು ಗೋಡೆ ಕಡೆ ತಿರುಗಿ ಮಲಗಿದ್ರು, ಇನ್ನೊಂದು ಕಂಬಳಿ ಹೊದಿಸ್ದೆ.